ಛೇದದಲ್ಲಿರುವವರು

ಜನವರಿಯ ಸಂಜೆ. ಸೊರಬ ಸೀಮೆಯ ನಮ್ಮ ಮನೆಯಂಗಳದಲ್ಲಿ ಅಡಿಕೆ ಸುಲಿಯುವ ಕೆಲಸ ಜೋರಾಗಿದೆ. ಚಪ್ಪರಕ್ಕೆ ಇಳಿಬಿಟ್ಟ ಬಲ್ಬಿನ ಕೆಳಗೆ ಎಂಟು ಹತ್ತು ಹೆಂಗಸರು ಮೆಟ್ಟುಗತ್ತಿಯ ಮಣೆ ಮೇಲೆ ಕೂತಿದ್ದಾರೆ. ಕಾಯಿ ಕತ್ತಿಗೆ ತಾಗುವ ಚರಕ್ ಸದ್ದು, ಡಬ್ಬಕ್ಕೆ ಅಡಿಕೆ ಉದುರುವ ಟಣಟಣ, ನಡುನಡುವೆ ಮಾತು, ನಗು. ಹಿತ್ತಿಲ ಒಲೆಯ ಮೇಲಿನ ಹಂಡೆಯಲ್ಲಿ ಅಡಿಕೆ ಬೇಯುತ್ತಿದೆ. ಚೊಗರಿನ ಒಗರು ವಾಸನೆ ಹೊಗೆಯೊಂದಿಗೆ ಬೆರೆತು ಜಗಲಿಯವರೆಗೂ ಬಂದಿದೆ. ಆ ಜಗಲಿಯ ಕಂಬಕ್ಕೆ ಒರಗಿ, ಮೊಣಕಾಲ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ನಾನು ಕೂತಿದ್ದೇನೆ. ಇಡೀ ಮನೆಯಲ್ಲಿ ಸಿಗ್ನಲ್ ಸಿಗುವುದು ಈ ಕಂಬದ ಬುಡದಲ್ಲಿ ಮಾತ್ರ. ಇಲ್ಲಿ ಏಳೂವರೆ, ಲಂಡನ್ನಿನಲ್ಲಿ ಮಧ್ಯಾಹ್ನ ಎರಡು ಗಂಟೆ. ಪರದೆಯ ಮೇಲೆ ಎಪಿಡೆಮಿಯಾಲಜಿ ಪಾಠ ಶುರುವಾಗುತ್ತದೆ.

ಹಗಲು ನಾನು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯೆ. ರಾತ್ರಿ, ನಸುಕು ಮತ್ತು ಭಾನುವಾರಗಳಲ್ಲಿ ಲಂಡನ್ ಸ್ಕೂಲ್ ಆಫ್ ಹೈಜೀನ್ ಅಂಡ್ ಟ್ರಾಪಿಕಲ್ ಮೆಡಿಸಿನ್‌ನ ಸಾರ್ವಜನಿಕ ಆರೋಗ್ಯದ ಎಂ.ಎಸ್ಸಿ. ವಿದ್ಯಾರ್ಥಿನಿ. ದೂರಶಿಕ್ಷಣ, ಪದವಿ ಕೊಡುವುದು ಲಂಡನ್ ವಿಶ್ವವಿದ್ಯಾಲಯ. ಊರು ಬಿಟ್ಟು ಬರಲಾಗದವರಿಗೆ ಆ ವಿಶ್ವವಿದ್ಯಾಲಯ 1858ರಿಂದಲೇ ಬಾಗಿಲು ತೆರೆದಿದೆ. ಕೆಲಸದಲ್ಲಿರುವವರು ಎರಡರಿಂದ ಐದು ವರ್ಷದೊಳಗೆ ಮುಗಿಸಬಹುದು. ನಾನು ನಾಲ್ಕು ವರ್ಷದ ಲೆಕ್ಕ ಹಾಕಿಕೊಂಡಿದ್ದೇನೆ. ಕೆಪ್ಪೆಲ್ ಸ್ಟ್ರೀಟಿನ ಆ ಕಟ್ಟಡವನ್ನು ಚಿತ್ರದಲ್ಲಷ್ಟೇ ನೋಡಿದ್ದು. ಅದರ ಬಾಲ್ಕನಿಗಳ ಮೇಲೆ ಸೊಳ್ಳೆ, ಚಿಗಟ, ಇಲಿ, ಹಾವುಗಳ ಚಿನ್ನದ ಬಣ್ಣದ ಪ್ರತಿಮೆಗಳಿವೆ. ರೋಗ ಹೊತ್ತು ತರುವ ಹುಳಹುಪ್ಪಟೆಗೆ ಇಷ್ಟು ಮರ್ಯಾದೆ ಕೊಟ್ಟ ಶಾಲೆಯಲ್ಲಿ ನನ್ನಂಥವಳಿಗೂ ಒಂದು ಮಣೆ ಇದ್ದೀತು ಎಂದು ಧೈರ್ಯ ಬಂದಿತ್ತು.

ಅತ್ತೆ ಬಿಸಿ ಕಷಾಯದ ಲೋಟ ತಂದು ಪಕ್ಕದಲ್ಲಿಡುತ್ತಾರೆ. "ಡಾಕ್ಟರಾದ ಮೇಲೂ ಇದೆಂತ ಓದೇ?" ಎಂದು ಅವರು ಕೇಳಿದ್ದು ಮೊದಲ ವರ್ಷ. ಈಗ ಕೇಳುವುದಿಲ್ಲ, ಪರೀಕ್ಷೆ ಹತ್ತಿರ ಬಂದರೆ ಮಗನ ಕೈಗೆ ಮಗುವನ್ನು ಕೊಟ್ಟು ಅಡುಗೆಮನೆಯ ಬಾಗಿಲು ಮುಚ್ಚುತ್ತಾರೆ.

ಅವತ್ತಿನ ಪಾಠ ದರಗಳ ಬಗ್ಗೆ. ಎಷ್ಟು ಜನಕ್ಕೆ ರೋಗ ಬಂತು ಎಂಬ ಸಂಖ್ಯೆಯೊಂದೇ ಏನನ್ನೂ ಹೇಳುವುದಿಲ್ಲ, ಎಷ್ಟು ಜನರಲ್ಲಿ ಅಷ್ಟು ಎಂಬುದು ಗೊತ್ತಾಗಬೇಕು ಎಂದು ಪರದೆಯ ಆಚೆ ಮೇಷ್ಟರು ವಿವರಿಸುತ್ತಿದ್ದರು. ಹೊತ್ತು ಸರಿದು, ಅಂಗಳದಲ್ಲಿ ಡಬ್ಬದ ಲೆಕ್ಕ ಶುರುವಾಗಿತ್ತು. "ನಮ್ಮ ಮನೆಯದು ಒಂಬತ್ತು ಡಬ್ಬ!" ಎಂದಳು, ತಾಯಿ ಮತ್ತು ತಂಗಿಯ ಜೊತೆ ಬಂದಿದ್ದ ಹುಡುಗಿ. ಮೂಲೆಯಲ್ಲಿ ಒಬ್ಬಳೇ ಕೂತಿದ್ದ ಮುದುಕಿ ಕತ್ತಿಯಿಂದ ಕಣ್ಣೆತ್ತದೆ ಕೇಳಿದಳು: "ನೀವು ಮೂರು ಜನ ಕೂತಿದ್ರಿ. ತಲೆಗೆ ಎಷ್ಟು ಬಂತು ಹೇಳೇ? ನಾನೊಬ್ಬಳೇ ನಾಲ್ಕು ಸುಲಿದೀನಿ."

ಲಂಡನ್ನಿನ ಪಾಠಕ್ಕೆ ನಮ್ಮ ಅಂಗಳ ಅರ್ಥ ಬರೆದುಕೊಟ್ಟಿತು. ಪ್ರೈಮರಿ ಶಾಲೆಯಲ್ಲಿ ಕಲಿತ ಭಿನ್ನರಾಶಿ ನೆನಪಾಯಿತು. ಗೆರೆಯ ಮೇಲಿರುವುದು ಅಂಶ, ಕೆಳಗಿರುವುದು ಛೇದ. ಇಷ್ಟು ವರ್ಷ ನಾನು ನೋಡಿದ್ದು ಅಂಶವನ್ನೇ. ಬೆಳಿಗ್ಗೆ ಚೀಟಿ ಹಿಡಿದು ಸಾಲಾಗಿ ನಿಂತವರು, ಕೆಮ್ಮಿದವರು, ಜ್ವರದಲ್ಲಿ ನಡುಗಿದವರು, ಗುರುವಾರ ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ಲಸಿಕೆಗೆ ಬಂದವರು. ನನ್ನ ಮೇಜಿನ ಮುಂದೆ ಬಂದವರೆಲ್ಲ ಗೆರೆಯ ಮೇಲಿನವರು. ಗೆರೆಯ ಕೆಳಗೆ ಯಾರಿದ್ದಾರೆ? ಬಾರದವರು ಎಷ್ಟು, ಯಾಕೆ ಬರಲಿಲ್ಲ? ವೈದ್ಯಕೀಯ ಕಾಲೇಜಿನಲ್ಲಿ ನನಗೆ ಕಲಿಸಿದ್ದು ಎದುರಿಗಿರುವ ರೋಗಿಯನ್ನು ನೋಡುವುದು. ಎದುರಿಗಿಲ್ಲದವರನ್ನೂ ನೋಡುವ ಕಣ್ಣು ಈ ಓದಿನಿಂದ ಬರುತ್ತಿದೆ.

ಈ ವಿದ್ಯೆಯ ಪಾಠಗಳಲ್ಲಿ ಬೇಗನೆ ಎದುರಾಗುವ ಹೆಸರು ಜಾನ್ ಸ್ನೋ. 1854ರಲ್ಲಿ ಲಂಡನ್ನಿನ ಸೋಹೋ ಕೇರಿಯಲ್ಲಿ ಕಾಲರಾ ಎದ್ದು ಆರುನೂರಕ್ಕೂ ಹೆಚ್ಚು ಜನ ಸತ್ತಾಗ, ಬ್ರಾಡ್ ಸ್ಟ್ರೀಟಿನ ನೀರಿನ ಪಂಪಿನ ಮೇಲೆ ಬೊಟ್ಟು ಮಾಡಿದವನು. ಸೆಪ್ಟೆಂಬರ್ 8ರಂದು ಪಂಪಿನ ಹಿಡಿ ಕಳಚಲಾಯಿತು. ಇಷ್ಟನ್ನು ಕಾಲೇಜಿನಲ್ಲೇ ಓದಿದ್ದೆ. ಅವನ ಹೊಟ್ಟೆಪಾಡಿನ ಕೆಲಸ ಬೇರೆಯೇ ಇತ್ತೆಂಬುದು ಮನಸ್ಸಿಗೆ ತಟ್ಟಿದ್ದು ಈಗ. ಸ್ನೋ ಅರಿವಳಿಕೆ ವೈದ್ಯ. 1853ರಲ್ಲಿ ವಿಕ್ಟೋರಿಯಾ ರಾಣಿಯ ಹೆರಿಗೆಗೆ ಕ್ಲೋರೋಫಾರ್ಮ್ ಕೊಟ್ಟವನು ಅವನೇ. ಕಾಲರಾದ ಬೆನ್ನು ಹತ್ತಿ ಮನೆಮನೆ ಅಲೆದದ್ದು ಆ ವೃತ್ತಿಯ ನಡುವೆ ಮಾಡಿಕೊಂಡ ಬಿಡುವಿನಲ್ಲಿ. ದಿನವಿಡೀ ದುಡಿದು ರಾತ್ರಿ ಪುಸ್ತಕ ತೆರೆಯುವ ನಮ್ಮೆಲ್ಲರ ಹಿರಿಯಣ್ಣ ಅವನು.

ಅವನು ಸತ್ತವರನ್ನು ಎಣಿಸಿ ಸುಮ್ಮನಾಗಲಿಲ್ಲ. ಪಂಪಿನ ಹತ್ತಿರವೇ ಇದ್ದೂ ಸಾಯದವರನ್ನು ಹುಡುಕಿದ. ಪೋಲೆಂಡ್ ಸ್ಟ್ರೀಟಿನಲ್ಲಿ ಬಡವರಿಗೆ ಆಸರೆ ಕೊಟ್ಟು ದುಡಿಸಿಕೊಳ್ಳುತ್ತಿದ್ದ ವರ್ಕ್‌ಹೌಸಿನಲ್ಲಿ 535 ಜನರಿದ್ದು ಕಾಲರಾಕ್ಕೆ ಬಲಿಯಾದವರು ಐವರು ಮಾತ್ರ. ಅಲ್ಲಿ ಅವರದೇ ಬಾವಿಯಿತ್ತು. ಆ ಐದರ ಕೆಳಗೆ 535 ಇಲ್ಲದಿದ್ದರೆ ಬಾವಿಯ ಸಾಕ್ಷಿಯೇ ಸಿಗುತ್ತಿರಲಿಲ್ಲ. ಆ ಕೇರಿಯ ಪಾದ್ರಿ ಹೆನ್ರಿ ವೈಟ್‌ಹೆಡ್ ಮೊದಲು ಸ್ನೋನ ಮಾತನ್ನು ನಂಬಲಿಲ್ಲ. ಸುಳ್ಳೆಂದು ತೋರಿಸಲು ಹೊರಟು, ತನಗೆ ಪರಿಚಯವಿದ್ದ ಮನೆಗಳ ಬಾಗಿಲು ಬಡಿದು, ಕೊನೆಗೆ ಅದೇ ಮಾತನ್ನು ಗಟ್ಟಿ ಮಾಡಿದ. ವೈಟ್‌ಹೆಡ್‌ನ ಬಗ್ಗೆ ಓದುವಾಗ ನನ್ನ ಕಣ್ಣ ಮುಂದೆ ಬಂದದ್ದು ನಮ್ಮ ಆಶಾ ಕಾರ್ಯಕರ್ತೆ. ಯಾವ ಮನೆಯಲ್ಲಿ ಯಾರು ಬಸುರಿ, ಯಾರ ಮಗ ಊರು ಬಿಟ್ಟ, ಯಾರು ಮಾತ್ರೆ ನುಂಗದೆ ಹಿತ್ತಿಲಿಗೆ ಎಸೆಯುತ್ತಾರೆ ಎಂಬುದೆಲ್ಲ ಆಕೆಗೆ ಗೊತ್ತು.

ನಮ್ಮ ನಾಡಿನದೇ ಒಂದು ಪಾಠವೂ ನನ್ನ ಟಿಪ್ಪಣಿ ಪುಸ್ತಕದಲ್ಲಿದೆ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕ್ಷಯ ರೋಗಿಗಳನ್ನು ಮಾತನಾಡಿಸಿ 1963ರಲ್ಲಿ ಅಧ್ಯಯನ ಪ್ರಕಟಿಸಿದರು. ಹಳ್ಳಿಯವರಿಗೆ ರೋಗದ ಅರಿವಿಲ್ಲ, ಆಸ್ಪತ್ರೆಗೆ ಬರುವುದಿಲ್ಲ ಎಂಬ ಮಾತು ಆಗ ಚಾಲ್ತಿಯಲ್ಲಿತ್ತು. ಆದರೆ ಬಹುತೇಕ ರೋಗಿಗಳಿಗೆ ತಮ್ಮ ಲಕ್ಷಣದ ಅರಿವಿತ್ತು. ಸುಮಾರು ಅರ್ಧದಷ್ಟು ಮಂದಿ ಆಗಲೇ ಸರ್ಕಾರಿ ಆಸ್ಪತ್ರೆಯ ಮೆಟ್ಟಿಲು ಹತ್ತಿ, ಕೆಮ್ಮಿನ ಔಷಧಿಯ ಬಾಟಲಿ ಹಿಡಿದು ವಾಪಸಾಗಿದ್ದರು. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಎಷ್ಟು ಬಾಟಲಿ ನಾನೂ ಬರೆದುಕೊಟ್ಟಿದ್ದೇನೆ! ಬಾರದವರನ್ನು ದೂರುವ ಮೊದಲು, ಬಂದವರು ಏನು ಪಡೆದು ಹೋದರು ಎಂದು ಕೇಳಿಕೊಳ್ಳಬೇಕು.

ಯಾವುದಾದರೂ ಒಂದು ರೋಗವನ್ನು ಪರಿಶೀಲಿಸಿ ವರದಿ ಬರೆಯಿರಿ ಎಂದು ಮೇಷ್ಟರು ಹೇಳಿದಾಗ ನಾನು ಆರಿಸಿಕೊಂಡದ್ದು ಮಂಗನ ಕಾಯಿಲೆ. ತರಗತಿಯಲ್ಲಿ ಅದರ ಇಂಗ್ಲಿಷ್ ಹೆಸರನ್ನು ಯಾರೋ ತಡವರಿಸುತ್ತ ಓದಿ, ಅದರಲ್ಲಿರುವ ಕ್ಯಾಸನೂರು ಎಲ್ಲಿದೆ ಎಂದು ಕೇಳಿದರು. "ನಮ್ಮದೇ ತಾಲ್ಲೂಕಿನಲ್ಲಿ" ಎಂದೆ. ಒಂದು ಗಳಿಗೆ ಎಲ್ಲರೂ ಸುಮ್ಮನಾದರು. 1957ರಲ್ಲಿ ಕ್ಯಾಸನೂರಿನ ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತು, ಸುತ್ತಲ ಜನ ಜ್ವರದಿಂದ ಮಲಗಿದಾಗ ಕಾಡಿದ ಅನುಮಾನಗಳಲ್ಲಿ ಹಳದಿ ಜ್ವರದ್ದೂ ಒಂದು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಹುಡುಕಿ, ಉಣುಗಿನಿಂದ ಹರಡುವ ಹೊಸ ವೈರಸ್ ಎಂದು ತೋರಿಸಿದರು. ಇಂದಿಗೂ ಚಳಿಗಾಲ ಬಂದು ತರಗೆಲೆ ಒಣಗಿದರೆ ಮಲೆನಾಡಿಗೆ ಅದರ ಅಂಜಿಕೆ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಕಂಡ ಸಾವುಗಳನ್ನು ಈ ಕಡೆಯ ಯಾರೂ ಮರೆತಿಲ್ಲ.

ಭಾನುವಾರ ಬೆಳಿಗ್ಗೆ ಆಶಾ ಅಕ್ಕನ ಜೊತೆ ಕಾಡಂಚಿನ ಕೇರಿಗೆ ಹೊರಟೆ. ಹಿಂದಿನ ದಿನ ಗುಡ್ಡದ ಬದಿಯಲ್ಲಿ ಮುಸಿಯವೊಂದು ಸತ್ತು ಬಿದ್ದಿದ್ದ ಸುದ್ದಿ ಬಂದು, ನಮ್ಮ ಸಿಬ್ಬಂದಿ ಸುತ್ತ ಉಣುಗು ಕೊಲ್ಲುವ ಪುಡಿ ಸಿಂಪಡಿಸಿದ್ದರು. ಹಾಳೆಯ ಮೇಲೆ ನಾನು ಕೇರಿಯ ನಕ್ಷೆ ಬರೆದುಕೊಂಡೆ: ಹಳ್ಳ, ದೇವರ ಬನ, ಕೊಟ್ಟಿಗೆ, ಮನೆ. ಜ್ವರ ಬಂದ ಮನೆಗೆ ಕೆಂಪು ಚುಕ್ಕೆ. ಉಣುಗು ಕಚ್ಚದ ಹಾಗೆ ಕೈಕಾಲಿಗೆ ಹಚ್ಚಿಕೊಳ್ಳುವ ಡೆಪಾ ತೈಲ ಒಯ್ದ ಮನೆಗೆ ನೀಲಿ ಚುಕ್ಕೆ. ಅದನ್ನು ನಾವು ಆರೋಗ್ಯ ಕೇಂದ್ರದ ಕಿಟಕಿಯಲ್ಲಿ ಕೊಡುತ್ತೇವೆ, ರಿಜಿಸ್ಟರಿನಲ್ಲಿ ಸಹಿಯೂ ಇದೆ. ಆ ರಿಜಿಸ್ಟರಿನ ಪುಟಗಳು ತುಂಬಿದ್ದನ್ನು ಕಂಡು ನಾನು ಸಮಾಧಾನದಿಂದಿದ್ದೆ.

ಮಧ್ಯಾಹ್ನದ ಹೊತ್ತಿಗೆ ನಕ್ಷೆ ಬೇರೆಯೇ ಕತೆ ಹೇಳಿತು. ನೀಲಿ ಚುಕ್ಕೆಗಳೆಲ್ಲ ರಸ್ತೆ ಬದಿಯ ಮನೆಗಳ ಮೇಲೆ. ಕಾಡಿಗೆ ದಿನವೂ ಹೋಗಿ ತರಗೆಲೆ, ಸೌದೆ ಹೊತ್ತು ತರುವ ಹಿಂದಿನ ಸಾಲಿನ ಮನೆಗಳಲ್ಲಿ ನೀಲಿ ಬಲು ಕಡಿಮೆ. ಒಬ್ಬ ಹೆಂಗಸು ಕೊಟ್ಟಿಗೆಗೆ ದರಕು ಹರಡುತ್ತಲೇ ಹೇಳಿದಳು: "ನೀವು ಬಾಗಿಲು ತೆಗೆಯೋದು ಒಂಬತ್ತಕ್ಕೆ ಡಾಕ್ಟ್ರೇ. ನಾವು ಗುಡ್ಡ ಹತ್ತೋದು ಆರಕ್ಕೆ. ಎಣ್ಣೆಗೆ ಅಂತ ಕಾದರೆ ಒಂದು ದಿನದ ಕೂಲಿ ಹೋಯ್ತು." ಅವಳ ದನಿಯಲ್ಲಿ ದೂರು ಇರಲಿಲ್ಲ. ಅದೇ ನನ್ನನ್ನು ಹೆಚ್ಚು ಚುಚ್ಚಿತು. ಉಣುಗಿಗೆ ಅತಿ ಹತ್ತಿರ ಹೋಗುವವರು ನಮ್ಮ ಕಿಟಕಿಗೆ ಅತಿ ದೂರ ಇದ್ದರು.

ಸಂಜೆ ಸಿಬ್ಬಂದಿಯೊಂದಿಗೆ ಕೂತು ಮಾತಾಡಿದೆ. ಹಾಲಿನ ಡೇರಿ ಆರಕ್ಕೆ ಮೊದಲೇ ತೆರೆಯುತ್ತದೆ. ಕ್ಯಾನು ಹಿಡಿದು ಬರುವವರೆಲ್ಲ ಅಲ್ಲಿಂದಲೇ ಗುಡ್ಡದ ದಾರಿ ಹಿಡಿಯುತ್ತಾರೆ. ಎಣ್ಣೆಯ ಬಾಟಲಿಗಳನ್ನು ಡೇರಿಯ ಮೇಜಿನ ಮೇಲಿಡೋಣ, ದನ ಇಲ್ಲದ ಮನೆಗಳಿಗೆ ಆಶಾ ಅಕ್ಕ ತಲುಪಿಸಲಿ ಎಂದು ಆಯಿತು. ಇದಕ್ಕೆ ಹೊಸ ಹಣವೂ ಬೇಕಾಗಲಿಲ್ಲ, ಮೇಲಿನವರ ಆದೇಶವೂ ಬೇಕಾಗಲಿಲ್ಲ. ಗೆರೆಯ ಕೆಳಗೊಮ್ಮೆ ಬಗ್ಗಿ ನೋಡಬೇಕಿತ್ತು, ಅಷ್ಟೇ.

ಓದಿಗಾಗಿ ಕೆಲಸ ಬಿಟ್ಟು ಹೋಗಿದ್ದರೆ ಇದು ಕಾಣುತ್ತಿತ್ತೇ ಎಂದು ಯೋಚಿಸುತ್ತೇನೆ. ರಾತ್ರಿ ಓದಿದ್ದು ಬೆಳಿಗ್ಗೆ ರೋಗಿಯ ನಾಡಿ ಹಿಡಿದಾಗ ನೆನಪಾಗುತ್ತದೆ. ಬೆಳಿಗ್ಗೆ ಕಂಡದ್ದು ರಾತ್ರಿಯ ಪುಟದಲ್ಲಿ ಪ್ರಶ್ನೆಯಾಗಿ ನಿಲ್ಲುತ್ತದೆ. ಇದರ ಬೆಲೆಯನ್ನೂ ತೆತ್ತಿದ್ದೇನೆ. ಮದುವೆ, ಜಾತ್ರೆಗಳು ತಪ್ಪಿವೆ. ಮಗಳು ಕತೆ ಕೇಳುತ್ತ ಕೇಳುತ್ತ ನನ್ನ ತೋಳಿನಲ್ಲಿ ಮಲಗಿದ್ದು, ನಾನು ಅವಳಿಗಿಂತ ಮೊದಲೇ ಕಣ್ಣು ಮುಚ್ಚಿದ್ದು ಎಷ್ಟೋ ರಾತ್ರಿ. ಆದರೂ ನನ್ನ ಕೆಲಸವನ್ನು ನಾನು ಇಷ್ಟು ಪ್ರೀತಿಸಿದ್ದು ಈ ವರ್ಷಗಳಲ್ಲೇ.

ಸೋಮವಾರ ನಸುಕು. ಅಂಗಳದಲ್ಲಿ ಹರವಿದ ಅಡಿಕೆಯ ಮೇಲೆ ಇಬ್ಬನಿ ಬೀಳದಂತೆ ಹೊದಿಸಿದ್ದ ಟಾರ್ಪಾಲನ್ನು ಅತ್ತೆ ಮಡಚುತ್ತಿದ್ದಾರೆ. ಕಂಬದ ಬುಡದಲ್ಲಿ ನಾನು ವರದಿಯ ಕೊನೆಯ ಪುಟ ತಿದ್ದುತ್ತಿದ್ದೇನೆ. ಫೋನ್ ಬಡಿಯುತ್ತದೆ. ಆಶಾ ಅಕ್ಕ. ಹಿಂದೆ ಕ್ಯಾನುಗಳ ಸದ್ದು, ಕೆಮ್ಮು, ಯಾರೋ ಚಳಿಗೆ ಕೈ ಉಜ್ಜಿಕೊಳ್ಳುತ್ತ ಆಡುವ ಮಾತು. ಮೊದಲೆಲ್ಲ ಆಕೆ "ಇಷ್ಟು ಕೊಟ್ಟೆ ಡಾಕ್ಟ್ರೇ" ಎಂದಷ್ಟೇ ಹೇಳುತ್ತಿದ್ದಳು. ಇವತ್ತು, ನಾನು ಹೇಳಿಕೊಡದೆಯೇ, ಬೇರೆ ಥರ ಶುರುಮಾಡಿದಳು.

"ಒಟ್ಟು ಅರವತ್ತೆರಡು ಮನೆ ಡಾಕ್ಟ್ರೇ. ಐವತ್ತೊಂದಕ್ಕೆ ಎಣ್ಣೆ ಮುಟ್ಟಿತು. ಇನ್ನು ಹನ್ನೊಂದು. ಅವರನ್ನ ನಾನೇ ಹೋಗಿ ನೋಡ್ಕೊಂಡು ಬರ್ತೀನಿ."