ಕಡಲೊಳಗಿನ ಕಿವಿಗಳು

ಬೆಳ್ತಂಗಡಿಯ ಕಡೆಯಿಂದ ಬಂಟವಾಳಕ್ಕೆ ಇಳಿದುಬರುವ ನೇತ್ರಾವತಿಯ ಮಳೆಗಾಲದ ಮೊರೆತದಲ್ಲಿ ಆಚೆ ದಡದವರ ಕೂಗನ್ನು ತಿಳಿಯುವುದು ಎಷ್ಟು ಪ್ರಯಾಸವೆಂಬುದನ್ನು ವಾಚಕರು ಬಲ್ಲರು. ಕಡಲೊಳಗೆ ಜಲಾಂತರ್ಗಾಮಿಯ ಸಪ್ಪಳವನ್ನು ಹಿಡಿಯುವುದು ಅದಕ್ಕಿಂತಲೂ ದುಸ್ತರವಾದುದು. 1971ನೆಯ ಇಸವಿ ಡಿಸೆಂಬರು 9ರ ರಾತ್ರಿ, ಅಂತಹದೊಂದನ್ನು ಅರಸುತ್ತಿದ್ದ ನಮ್ಮ ‘ಖುಕ್ರಿ’ ನೌಕೆಯೇ ದೀವ್ ಸಮೀಪದಲ್ಲಿ ಟಾರ್ಪೆಡೊವಿಗೆ ತುತ್ತಾಗಿ 194 ಮಂದಿ ಮಡಿದರು.

ನೀರೊಳಗೆ ಆಲಿಸುವ ಯಂತ್ರಕ್ಕೆ ಹೈಡ್ರೋಫೋನ್ ಎಂದು ಹೆಸರು. ಅದರೊಳಗಿನ ಪಿಂಗಾಣಿ ಜಾತಿಯ ಬಿಲ್ಲೆಯನ್ನು ಶಬ್ದವು ಒತ್ತಿದೊಡನೆ ವಿದ್ಯುತ್ತು ಹುಟ್ಟುವುದು. ಆದರೆ ಅದು ವೋಲ್ಟಿನ ಲಕ್ಷದಲ್ಲೊಂದು ಪಾಲಿಗೂ ಕಡಮೆಯಾಗಿರಬಹುದು. ಹಾಗೆಯೇ ಉದ್ದದ ತಂತಿಯಲ್ಲಿ ಹರಿಯಬಿಟ್ಟರೆ ದಾರಿಯಲ್ಲಿಯೇ ಅಡಗಿಹೋದೀತು. ಆದುದರಿಂದ ವರ್ಧಕವನ್ನು ಬಿಲ್ಲೆಯ ಮಗ್ಗುಲಲ್ಲಿಯೇ ಇರಿಸಿ, ಅಲೆಗಳ ಗದ್ದಲವನ್ನು ಸೋಸಿ, ಬಳಿಕ ಅಂಕಿಗಳಾಗಿ ಮಾರ್ಪಡಿಸುವರು.

ಒಂದೇ ಕಿವಿಯಿಂದ ದಿಕ್ಕು ತಿಳಿಯದಷ್ಟೆ. ಆದಕಾರಣ ಹಲವನ್ನು ಸಾಲಾಗಿ ಜೋಡಿಸುವರು. ನೀರಿನಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 1,500 ಮೀಟರು ಓಡುವುದು. ಅರ್ಧ ಮೀಟರು ಅಂತರದ ಎರಡು ಕಿವಿಗಳನ್ನು ಅದು ತಲಪುವ ಕಾಲದಲ್ಲಿ ಹೆಚ್ಚೆಂದರೆ ಸೆಕೆಂಡಿನ 3,000ದಲ್ಲೊಂದು ಪಾಲಿನ ಭೇದ! ಒಂದು ವರ್ಧಕವು ತುಸು ತಡಮಾಡಿದರೂ ಶತ್ರುವಿನ ದಿಕ್ಕೇ ತಪ್ಪುವುದು. ಬಲಕ್ಕಿಂತಲೂ ಸಮತೆಯೇ ಇಲ್ಲಿ ಮುಖ್ಯವೆಂದು ನಮಗೆ ತೋರುತ್ತದೆ.

ಕೊಚ್ಚಿಯ ನೌಕಾ ಪ್ರಯೋಗಾಲಯದಲ್ಲಿ ರೂಪುಗೊಂಡು, ಬೆಂಗಳೂರಿನ ಭಾರತ್ ಇಲೆಕ್ಟ್ರಾನಿಕ್ಸಿನಲ್ಲಿ ತಯಾರಾದ ‘ಹಂಸ’ವೆಂಬ ಸೋನಾರ್ ಯಂತ್ರವು ಈಗ ನಮ್ಮ ಸಮರನೌಕೆಗಳಲ್ಲಿ ಕುಳಿತು ಆಲಿಸುತ್ತಿದೆ.