ಮುಂದಿನ ಸಂಖ್ಯೆ ಯಾವುದು?

ಬ್ಯಾಂಕು, ರೈಲ್ವೆ, ಪೊಲೀಸು ಮೊದಲಾದ ನೌಕರಿಗಳ ಪರೀಕ್ಷೆಗಳಲ್ಲಿ ಒಂದು ಬಗೆಯ ಪ್ರಶ್ನೆ ಮೇಲಿಂದ ಮೇಲೆ ಬರುತ್ತದೆ: 2, 6, 12, 20, 30; ಮುಂದಿನ ಸಂಖ್ಯೆ ಯಾವುದು? ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಕಡೆಯ ನಮ್ಮ ತರುಣ ತರುಣಿಯರು ಇಂತಹ ಪ್ರಶ್ನೆಗಳ ಪುಸ್ತಕವನ್ನು ಬಸ್ಸಿನಲ್ಲಿ ಕುಳಿತೂ ತಿರುವುತ್ತಿರುವುದನ್ನು ನಾವು ಕಾಣುತ್ತೇವೆ. ಒಂದೇ ಅಂಕದ ಕೊರತೆಯಿಂದ ನೌಕರಿ ಕೈತಪ್ಪುವುದುಂಟಾದ್ದರಿಂದ ಇದು ಬರಿಯ ವಿನೋದದ ಮಾತಲ್ಲ. ಈ ಪ್ರಶ್ನೆಯ ಒಳಗುಟ್ಟನ್ನು ಕೊಂಚ ವಿಚಾರಿಸೋಣ.

ಉತ್ತರ ಕಂಡುಹಿಡಿಯುವ ಬಗೆ ಸುಲಭವಾದುದು. ಒಂದೊಂದು ಸಂಖ್ಯೆಯನ್ನೂ ಅದರ ಮುಂದಿನದರಿಂದ ಕಳೆದರೆ 4, 6, 8, 10 ಎಂಬ ಅಂತರಗಳು ದೊರೆಯುತ್ತವೆ. ಈ ಅಂತರಗಳು ಎರಡೆರಡರಂತೆ ಏರುತ್ತಿವೆ. ಮುಂದಿನ ಅಂತರ 12. ಆದುದರಿಂದ ಉತ್ತರ 42. ಒಂದು ಸಲದ ಅಂತರದಲ್ಲಿ ಕ್ರಮ ಕಾಣದಿದ್ದರೆ ಅಂತರಗಳ ಅಂತರವನ್ನು ತೆಗೆಯಬೇಕು. ಪರೀಕ್ಷೆಗೆ ಇಷ್ಟು ಉಪಾಯ ಬಹುಮಟ್ಟಿಗೆ ಸಾಕು.

ಆದರೆ ಗಣಿತಕ್ಕೆ ಸಾಲದು. 2, 4, 6 ಆದ ಮೇಲೆ 8 ಬರುವುದೆಂದು ಎಲ್ಲರೂ ಹೇಳುವರು. 14 ಎಂದು ಬರೆದವನನ್ನು ತಪ್ಪುಗಾರನೆನ್ನಬಹುದೆ? ಅವನು ಹಿಡಿದಿರುವ ನಿಯಮ ಹೀಗಿರಬಹುದು: ಸ್ಥಾನಸಂಖ್ಯೆಯನ್ನು ಇಮ್ಮಡಿಸಬೇಕು, ಅದೇ ಸ್ಥಾನಸಂಖ್ಯೆಯಿಂದ 1, 2, 3 ಇವುಗಳನ್ನು ಬೇರೆಬೇರೆಯಾಗಿ ಕಳೆದು, ಬಂದ ಮೂರು ಸಂಖ್ಯೆಗಳ ಗುಣಲಬ್ಧವನ್ನು ಅದಕ್ಕೆ ಕೂಡಿಸಬೇಕು. ಮೊದಲ ಮೂರು ಸ್ಥಾನಗಳಲ್ಲಿ ಆ ಗುಣಲಬ್ಧ ಸೊನ್ನೆ. 2, 4, 6 ಹಾಗೆಯೇ ಉಳಿಯುತ್ತವೆ. ನಾಲ್ಕನೆಯ ಸ್ಥಾನದಲ್ಲಿ 3×2×1, ಎಂದರೆ 6 ಸೇರಿ, 8ರ ಬದಲು 14 ಆಗುತ್ತದೆ. ಆ ಗುಣಲಬ್ಧವನ್ನು ತಕ್ಕ ಸಂಖ್ಯೆಯಿಂದ ಗುಣಿಸಿದರೆ ನಾಲ್ಕನೆಯದಾಗಿ ನಮಗೆ ಬೇಕಾದ ಯಾವ ಸಂಖ್ಯೆಯನ್ನಾದರೂ ತರಬಹುದು. ಕೊಟ್ಟ ಸಂಖ್ಯೆಗಳು ಎಷ್ಟೇ ಇರಲಿ, ಅವುಗಳಿಂದಲೇ ಮುಂದಿನದು ಗೊತ್ತಾಗುವುದಿಲ್ಲ. ಪ್ರಶ್ನೆ ಕೇಳಿದವರ ಮನಸ್ಸಿನಲ್ಲಿರುವ ನಿಯಮವನ್ನು ನಾವು ಊಹಿಸುತ್ತಿದ್ದೇವೆ, ಅಷ್ಟೆ.

ಇದು ಕುತರ್ಕವೆಂದು ವಾಚಕರು ಭಾವಿಸಿದರೆ, ಕಾಗದದ ಮೇಲೆ ಒಂದು ವೃತ್ತವನ್ನು ಬರೆದು ನೋಡಲಿ. ಪರಿಧಿಯ ಮೇಲೆ ಕೆಲವು ಬಿಂದುಗಳನ್ನಿಟ್ಟು, ಪ್ರತಿಯೊಂದನ್ನೂ ಉಳಿದೆಲ್ಲವಕ್ಕೆ ಸರಳರೇಖೆಗಳಿಂದ ಸೇರಿಸಿದರೆ ವೃತ್ತ ಎಷ್ಟು ಭಾಗಗಳಾಗುವುದು? ಒಂದು ಬಿಂದುವಿಗೆ 1, ಎರಡಕ್ಕೆ 2, ಮೂರಕ್ಕೆ 4, ನಾಲ್ಕಕ್ಕೆ 8, ಐದಕ್ಕೆ 16. ಆರಕ್ಕೆ 32 ಎಂದು ನಾಲಗೆಯ ತುದಿಗೆ ಬರುತ್ತದೆ. ಎಣಿಸಿದರೆ 31! ಕಾರಣವೂ ಸ್ಪಷ್ಟವಾಗಿದೆ. ಮೊದಲು ವೃತ್ತವೇ ಒಂದು ಭಾಗ. ಪ್ರತಿಯೊಂದು ರೇಖೆಯಿಂದ ಒಂದು ಭಾಗ ಹೆಚ್ಚುತ್ತದೆ. ಒಳಗೆ ರೇಖೆಗಳು ಕತ್ತರಿಸುವ ಪ್ರತಿಯೊಂದು ಬಿಂದುವಿನಿಂದ ಇನ್ನೊಂದು. ಆರು ಬಿಂದುಗಳಿಗೆ ರೇಖೆಗಳು 15, ಛೇದನ ಬಿಂದುಗಳು 15, ಒಟ್ಟು 31. (ಬಿಂದುಗಳನ್ನು ಸಮಷಡ್ಭುಜದಂತೆ ಇಡಬಾರದು, ಇಟ್ಟರೆ ಮೂರು ರೇಖೆಗಳು ಕೇಂದ್ರದಲ್ಲಿಯೇ ಕೂಡಿ 30 ಭಾಗಗಳು ಮಾತ್ರ ಬರುವುವು.)

ನಮ್ಮ ಹಿಂದಿನವರು ಈ ತೊಡಕಿಗೆ ಸಿಕ್ಕಲಿಲ್ಲವೆನ್ನಬೇಕು. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯನು ರಚಿಸಿದ ‘ಗಣಿತಸಾರಸಂಗ್ರಹ’ದಲ್ಲಿ ಶ್ರೇಢಿಗಳ ವಿಚಾರ ವಿಸ್ತಾರವಾಗಿದೆ. ಅಲ್ಲಿ ಮೊದಲ ಪದ ‘ಆದಿ’, ಪದದಿಂದ ಪದಕ್ಕೆ ಏರುವ ಮೊತ್ತ ‘ಚಯ’, ಪದಗಳ ಎಣಿಕೆ ‘ಗಚ್ಛ’. ಆದಿ ಇಷ್ಟು, ಚಯ ಇಷ್ಟು ಎಂದು ಗೊತ್ತಾದ ಮೇಲೆ ಮುಂದಿನ ಪದದ ಬಗ್ಗೆ ಸಂಶಯಕ್ಕೆ ಎಡೆಯೆಲ್ಲಿ? ನಮ್ಮ ಪ್ರಶ್ನಪತ್ರಿಕೆಗಳವರು ಈ ಪದ್ಧತಿಯನ್ನು ಅನುಸರಿಸಿದರೆ ಒಳ್ಳೆಯದೆಂದು ನಮ್ಮ ಅಭಿಪ್ರಾಯ. ಜಾಣತನದಿಂದ ಬೇರೆ ನಿಯಮ ಕಂಡವನಿಗೆ ಅಂಕ ಕಳೆಯುವುದು ನ್ಯಾಯವಲ್ಲ.

ನಿಯಮಕ್ಕೆ ಕಾರಣವಿದ್ದಾಗ ಸಂಖ್ಯೆಗಳು ಹೇಗೆ ನಂಬಿಕೆಗೆ ಅರ್ಹವಾಗುತ್ತವೆಂಬುದಕ್ಕೆ ಛಂದಸ್ಸಿನಲ್ಲಿ ಸೊಗಸಾದ ನಿದರ್ಶನವಿದೆ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಭಾಮಿನಿಯಲ್ಲಿ ಬರುವ ಮೂರು ಮಾತ್ರೆಯ ಗಣಕ್ಕೆ 3 ರೂಪಗಳು ಸಾಧ್ಯ. ನಾಲ್ಕು ಮಾತ್ರೆಯದಕ್ಕೆ 5. (ಲಯಕ್ಕಾಗಿ ಕವಿಗಳು ಕೆಲವನ್ನು ವರ್ಜಿಸುವರು, ಅದು ಬೇರೆ ಮಾತು.) ವಾರ್ಧಕದ ಐದು ಮಾತ್ರೆಯ ಗಣಕ್ಕೆ ಎಷ್ಟು? ಗಣದ ಕೊನೆಯ ಅಕ್ಷರ ಲಘುವಾದರೆ ಅದರ ಹಿಂದೆ ನಾಲ್ಕು ಮಾತ್ರೆಗಳಿರಬೇಕು: 5 ರೂಪ. ಗುರುವಾದರೆ ಮೂರು ಮಾತ್ರೆಗಳು: 3 ರೂಪ. ಒಟ್ಟು 8. ಹೀಗೆಯೇ 13, 21, 34. ಇಲ್ಲಿ ಊಹೆಯಿಲ್ಲ, ಎಣಿಕೆಯಿದೆ. ಸುಮಾರು 1150ರಲ್ಲಿ ಹೇಮಚಂದ್ರನೂ ಅವನಿಗಿಂತ ಹಿಂದೆ ವಿರಹಾಂಕನೂ ಹೇಳಿದ ಈ ಸಂಖ್ಯೆಗಳನ್ನೇ 1202ರಲ್ಲಿ ಗ್ರಂಥ ಬರೆದ ಇಟಲಿಯ ಫಿಬೊನಾಚಿಯ ಹೆಸರಿನಿಂದ ಲೋಕ ಕರೆಯುತ್ತದೆ.

ಕಾರಣವಿಲ್ಲದ ಶ್ರೇಣಿಯನ್ನು ನಂಬಿದರೆ ಆಗುವುದೇನು? ನಮ್ಮ ಶಾಸ್ತ್ರವಾದ ಭೌತವಿಜ್ಞಾನವೇ ಉದಾಹರಣೆ ಕೊಡುತ್ತದೆ. 0, 3, 6, 12, 24, 48, 96 ಇವುಗಳಿಗೆ 4 ಕೂಡಿಸಿ ಹತ್ತರಿಂದ ಭಾಗಿಸಿದರೆ 0.4, 0.7, 1.0, 1.6, 2.8, 5.2, 10.0 ಬರುತ್ತವೆ. ಸೂರ್ಯನಿಂದ ಭೂಮಿಗಿರುವ ದೂರವನ್ನು 1 ಎಂದಿಟ್ಟರೆ ಬುಧ, ಶುಕ್ರ, ಭೂಮಿ, ಮಂಗಳ, ಗುರು, ಶನಿಗಳ ದೂರಗಳು ಬಹುಮಟ್ಟಿಗೆ ಇವೇ, 2.8ರ ಎಡೆ ಮಾತ್ರ ಖಾಲಿ. 1766ರಲ್ಲಿ ಟೀಟಿಯಸ್ ಇದನ್ನು ಗಮನಿಸಿದನು. 1772ರಲ್ಲಿ ಬೋಡೆ ಪ್ರಚಾರಪಡಿಸಿದನು. ಮುಂದಿನ ಸಂಖ್ಯೆ 19.6. 1781ರಲ್ಲಿ ಹರ್ಷೆಲನಿಗೆ ಯುರೇನಸ್ ಗ್ರಹ ಸಿಕ್ಕಿತು. ಅದರ ದೂರ 19.2! 1801ರ ಜನವರಿ 1ರಂದು ಪಿಯಾಟ್ಸಿಗೆ ಸೀರೆಸ್ ಎಂಬ ಕಿರುಗ್ರಹ ಕಂಡಿತು, ದೂರ 2.77. ಖಾಲಿಯಿದ್ದ ಎಡೆಯೂ ತುಂಬಿತು. ಇಂತಹ ನಿಯಮವನ್ನು ಯಾರು ತಾನೇ ಸಂಶಯಿಸುವರು?

ಯುರೇನಸ್ಸಿನ ಗತಿಯಲ್ಲಿ ಕಂಡ ವ್ಯತ್ಯಾಸದಿಂದ ಅದರಾಚೆಯ ಗ್ರಹವನ್ನು ಗುಣಿಸಿ ತೆಗೆಯಲು ಹೊರಟ ಲೆವೆರ್ಯೇ ಮತ್ತು ಆಡಮ್ಸ್ ಇಬ್ಬರೂ ಅದರ ದೂರಕ್ಕೆ ಈ ಶ್ರೇಣಿಯ ಮುಂದಿನ ಸಂಖ್ಯೆಯಾದ 38.8ಕ್ಕೆ ಸಮೀಪವಾದ ಬೆಲೆಯನ್ನೇ ಮೊದಲು ಆಧಾರವಾಗಿ ಹಿಡಿದರು. 1846ರಲ್ಲಿ ಬರ್ಲಿನ್ನಿನ ವೇಧಶಾಲೆಯಲ್ಲಿ ಗಾಲೆಯು ದೂರದರ್ಶಕವನ್ನು ತಿರುಗಿಸಲು, ಲೆವೆರ್ಯೇ ಸೂಚಿಸಿದ ಸ್ಥಳಕ್ಕೆ ಸುಮಾರು ಒಂದು ಡಿಗ್ರಿಯಷ್ಟು ಸಮೀಪದಲ್ಲಿ ನೆಪ್ಚೂನ್ ಸಿಕ್ಕಿತು. ದಿಕ್ಕನ್ನು ತೋರಿಸಿಕೊಟ್ಟದ್ದು ನ್ಯೂಟನ್ನನ ಗುರುತ್ವಾಕರ್ಷಣ ನಿಯಮ. ದೂರವನ್ನು ಅಳೆದಾಗ 30.1 ಬಂದಿತು.