ಸ್ಟಾಪ್ ಲಾಸ್ ಹಾಕಿದ್ರೂ ಷೇರು ಯಾಕೆ ಮಾರಾಟ ಆಗ್ಲಿಲ್ಲ?

ಕಳೆದ ಸಂಚಿಕೆ ಆದ್ಮೇಲೆ ಹುಬ್ಬಳ್ಳಿಯ ಕೇಳುಗರೊಬ್ಬರು ವಾಯ್ಸ್ ಮೆಸೇಜ್ ಕಳಿಸಿದ್ರು. 'ಅಣ್ಣಾರ, ನೂರು ರೂಪಾಯಿ ಷೇರಿಗೆ 95ಕ್ಕ ಸ್ಟಾಪ್ ಲಾಸ್ ಹಾಕಿದ್ದೆ. ಬೆಳಿಗ್ಗೆ 88ಕ್ಕ ಬಂದು ನಿಂತೈತಿ, ನಂದು ಮಾರಾಟನ ಆಗಿಲ್ಲ. ಆ್ಯಪ್ ಏನರ ಕೆಟ್ಟದೇನ್ರಿ?'

ಆ್ಯಪ್ ಕೆಟ್ಟಿಲ್ಲ. ಸ್ಕ್ರೀನ್‌ಶಾಟ್ ತರಿಸಿ ನೋಡಿದೆ: ಟ್ರಿಗರ್ 95, ಲಿಮಿಟ್ 94.90. ತೊಂದರೆ ಇರೋದು ಅಲ್ಲೇ.

ಟ್ರಿಗರ್ ಅಂದ್ರೆ ಆರ್ಡರ್‌ನ ಎಬ್ಬಿಸೋ ಬೆಲೆ, ಅಷ್ಟೇ. ಎದ್ದ ಮೇಲೆ ಎಷ್ಟಕ್ಕೆ ಮಾರಬೇಕು ಅನ್ನೋದನ್ನ ಹೇಳೋದು ಲಿಮಿಟ್. 94.90 ಅಂತ ಬರೆದ್ರೆ 'ಅದಕ್ಕಿಂತ ಕಡಿಮೆಗೆ ಮಾರಬೇಡ' ಅಂತ ನೀವೇ ಕಟ್ಟಪ್ಪಣೆ ಕೊಟ್ಟ ಹಾಗೆ. ಮಾರುಕಟ್ಟೆ ನೇರವಾಗಿ 88ಕ್ಕೆ ತೆರೆದ್ರೆ 94.90 ಕೊಡೋರು ಯಾರಿದ್ದಾರೆ? ಆರ್ಡರ್ ಸುಮ್ನೆ ಕೂತಿರುತ್ತೆ.

ಇನ್ನೊಂದು ಬಗೆ ಎಸ್‌ಎಲ್-ಎಂ. ಇದರಲ್ಲಿ ಲಿಮಿಟ್ ಇಲ್ಲ, ಟ್ರಿಗರ್ ಮುಟ್ಟಿದ್ರೆ ಸಿಕ್ಕ ಬೆಲೆಗೆ ಮಾರಾಟ. ಹೊರಗೆ ಬರೋದು ಹೆಚ್ಚುಕಮ್ಮಿ ಖಚಿತ, ಬೆಲೆ ಖಚಿತ ಅಲ್ಲ. ಆದ್ರೆ ಇದು ಎಲ್ಲಾ ಕಡೆ ಸಿಗಲ್ಲ. ಆಪ್ಷನ್ಸ್‌ನಲ್ಲಿ ಎನ್‌ಎಸ್‌ಇ ಇದನ್ನ 2021ರ ಸೆಪ್ಟೆಂಬರ್‌ನಲ್ಲೇ ನಿಲ್ಲಿಸಿತು. ಎಸ್‌ಎಲ್-ಎಂ ಇಲ್ಲದ ಕಡೆ ಟ್ರಿಗರ್‌ಗೂ ಲಿಮಿಟ್‌ಗೂ ನಡುವೆ ಒಳ್ಳೆ ಅಂತರ ಬಿಡಿ. ಹತ್ತು ಪೈಸೆ ಉಳಿಸೋಕೆ ಹೋಗಿ ಏಳು ರೂಪಾಯಿ ಕಳ್ಕೋಬೇಡಿ.

'ಇದೆಲ್ಲಾ ಸಣ್ಣಪುಟ್ಟ ಷೇರಿನ ಕಥೆ' ಅನ್ಬೇಡಿ. 2024ರ ಜನವರಿ 16ರಂದು ಎಚ್‌ಡಿಎಫ್‌ಸಿ ಬ್ಯಾಂಕ್ ಷೇರು ಸುಮಾರು 1,679 ರೂಪಾಯಿಗೆ ಮುಗಿದಿತ್ತು. ತ್ರೈಮಾಸಿಕ ಫಲಿತಾಂಶ ಬಂತು. ಮರುದಿನ ಶುರುವಾಗಿದ್ದೇ ನೂರು ರೂಪಾಯಿಗೂ ಹೆಚ್ಚು ಕೆಳಗೆ, ದಿನದ ಕೊನೆಗೆ ಶೇ 8ಕ್ಕಿಂತ ಜಾಸ್ತಿ ಕುಸಿತ. 1,640ಕ್ಕೆ ಸ್ಟಾಪ್ ಇಟ್ಟಿದ್ದವರಿಗೆ ಬೆಳಿಗ್ಗೆ ಆ ಬೆಲೆ ಸಿಗೋ ಮಾತೇ ಇರಲಿಲ್ಲ. ಅಂದಹಾಗೆ, ಸಾಮಾನ್ಯ ಸ್ಟಾಪ್ ಲಾಸ್ ಆರ್ಡರ್ ಆ ದಿನದ ಮಟ್ಟಿಗೆ ಮಾತ್ರ. ಸಂಜೆಗೆ ರದ್ದು. ದಿನಗಟ್ಟಲೆ ಇರಬೇಕಂದ್ರೆ ಬ್ರೋಕರ್ ಕೊಡೋ ಜಿಟಿಟಿ ಹಾಕ್ಬೇಕು. ಹುಬ್ಬಳ್ಳಿಯವರು ಹಾಕಿದ್ದೂ ಅದನ್ನೇ.

ಹಾಗಾದ್ರೆ ಇಂಥ ಗ್ಯಾಪ್‌ನಿಂದ ಕಾಪಾಡೋದು ಏನು? ನನ್ನ ಪ್ರಕಾರ, ಎಷ್ಟು ಷೇರು ತಗೊಂಡಿದ್ದೀರಿ ಅನ್ನೋ ಲೆಕ್ಕ. ಬಂಡವಾಳ ಒಂದು ಲಕ್ಷ, ಒಂದು ವ್ಯವಹಾರದಲ್ಲಿ ಸಾವಿರ ಹೋದ್ರೆ ತಡ್ಕೋತೀನಿ ಅಂತಿಟ್ಕೊಳ್ಳಿ. ನೂರಕ್ಕೆ ಖರೀದಿ, 95ಕ್ಕೆ ಸ್ಟಾಪ್, ಷೇರಿಗೆ ಐದು ರೂಪಾಯಿ ನಷ್ಟ. ಸಾವಿರವನ್ನ ಐದರಿಂದ ಭಾಗಿಸಿ: 200 ಷೇರು. ಗ್ಯಾಪ್ ಬಿದ್ದು 88ಕ್ಕೆ ಮಾರಿದ್ರೂ 2,400 ನಷ್ಟ. ಬೇಜಾರಾಗುತ್ತೆ, ಆದ್ರೆ ರಾತ್ರಿ ನಿದ್ದೆ ಬರುತ್ತೆ. ಪೂರ್ತಿ ಲಕ್ಷ ಸುರಿದು ಸಾವಿರ ಷೇರು ತಗೊಂಡಿದ್ರೆ? ಅದೇ ಬೆಳಿಗ್ಗೆ 12,000 ಹೋಯ್ತು.

ಇದು ನಾನು ಬಿ.ಕಾಂ.ನಲ್ಲಿ ಕಲಿತದ್ದಲ್ಲ. ಕೆಲಸಕ್ಕೆ ಸೇರಿದ ಮೊದಲ ವರ್ಷ, ಸ್ಟಾಪ್ ಹತ್ತಿರ ಬಂದಾಗ 'ತಡಿ, ವಾಪಸ್ ಏರುತ್ತೆ' ಅಂತ ಆರ್ಡರನ್ನೇ ತೆಗೆದುಹಾಕಿದ್ದೆ. ಎರಡು ತಿಂಗಳ ಸಂಬಳ ಹೋಯ್ತು. ಮನೇಲಿ ಇವತ್ತಿಗೂ ಹೇಳಿಲ್ಲ.

ಹುಬ್ಬಳ್ಳಿಯವರು ಕೊನೆಗೊಂದು ಕೇಳಿದ್ರು: 'ಈಗ 88ರಾಗ ಇನ್ನಷ್ಟು ತಗೊಂಡು ಆವರೇಜ್ ಮಾಡ್ಲಿ?' ನಾನು ತಿರುಗಿಸಿ ಕೇಳಿದೆ: 'ನಿಮ್ಮ ಹತ್ರ ಈ ಷೇರೇ ಇಲ್ಲ, ಕೈಯಲ್ಲಿ ದುಡ್ಡಿದೆ ಅಂದ್ಕೊಳ್ರಿ. ಇವತ್ತು 88ಕ್ಕೆ ತಗೋತೀರಾ?' ಮೆಸೇಜ್ ನೋಡಿದ್ದಾರೆ, ಉತ್ತರ ಇನ್ನೂ ಬಂದಿಲ್ಲ.